ಎರಡೂ ಆರಾಣೆಯ ಪೈಪು

ಪೈಪಿನ ಕೆಲಸ ಮಾಡಿದವನ ಜೀವನದಲ್ಲಿ ನೀರಿಗಿಂತ ಮರ್ಯಾದೆ ಸೋರುವುದೇ ಹೆಚ್ಚು. ನನ್ನದು ಸೋರಲು ಶುರುವಾದದ್ದು ಶಿರಸಿಯ ಒಂದು ಲಾಡ್ಜಿನಲ್ಲಿ, ಹೊಸ ಪೈಸೆ ಬಂದರೂ ಆಣೆ ಇನ್ನೂ ಜನರ ಬಾಯಿಂದ ಹೋಗದ ಕಾಲದಲ್ಲಿ. ಸಿದ್ದಾಪುರದಿಂದ ನಟ್ಟು ತಿರುಗಿಸುವ ಪಾನಾಗಳ ಚೀಲ ಹೆಗಲಿಗೆ ಹಾಕಿಕೊಂಡು ಬಂದು ಅಲ್ಲಿ ಮಿಸ್ತ್ರಿಯಾಗಿ ಸೇರಿದ್ದೆ. ಯಲ್ಲಾಪುರದಲ್ಲಿ ನನಗೆ ಹೆಣ್ಣು ಗೊತ್ತಾಗಿತ್ತು. ಹುಡುಗಿಯ ಅಪ್ಪ ಒಪ್ಪಿದ್ದು ನನ್ನ ಮೋರೆ ನೋಡಿ ಅಲ್ಲ, ‘ಶಿರಸಿಯಲ್ಲಿ ಕಾಯಂ ಕೆಲಸ’ ಅನ್ನುವ ಒಂದೇ ಮಾತಿಗೆ. ಹಾಗಾಗಿ ಆ ಕೆಲಸ ಹೋದರೆ ಮದುವೆಯೂ ಹೋದ ಹಾಗೆಯೇ.

೧. ಉಬ್ಬಿದ ಪೈಪು

ಲಾಡ್ಜಿನ ಮಾಲಕರು ಎಲ್ಲಿಂದಲೋ ಒಂದು ಹಳೇ ಬಾಯ್ಲರ್ ತಂದು ಹಿತ್ತಲಲ್ಲಿ ಕೂರಿಸಿದ್ದರು. ಅಲ್ಲಿ ಕುದಿಯುವ ನೀರು ಮಹಡಿಗೆ ಹೋಗುವಷ್ಟರಲ್ಲಿ ಆರಿ ಹೋಗುತ್ತಿತ್ತು. ಅಡಿಕೆ ಖರೀದಿಗೆ ಬರುತ್ತಿದ್ದ ಸೇಟು ಒಬ್ಬರು ಇಡೀ ಸೀಜನ್ನಿಗೆ ನಾಲ್ಕು ಖೋಲಿ ಹಿಡಿಯುತ್ತಿದ್ದರು. ಅವರು ಒಂದು ದಿನ, “ನಿಮ್ಮ ಬಿಸಿನೀರು ನಮ್ಮ ಊರಿನ ತಣ್ಣೀರು. ಹೀಗೇ ಇದ್ದರೆ ನಾನು ಬೇರೆ ಲಾಡ್ಜಿಗೆ ಹೋಗ್ತೇನೆ” ಅಂದುಬಿಟ್ಟರು.

ಪೈಪಿಗೆ ಕಲ್ನಾರಿನ ಹೊದಿಕೆ ಹಾಕಿದರೆ ಬಿಸಿ ಉಳಿಯುತ್ತದೆ ಅಂತ ಯಾರೋ ಹೇಳಿದರು. ಎರಡು ಹೋಳಾಗಿ ಬರುವ ಹೊದಿಕೆ. ಪೈಪಿನ ಮೇಲೆ ಮುಚ್ಚಿ ತಂತಿ ಬಿಗಿಯುವುದು. ಮಾಲಕರು ತಾವೇ ಫೂಟ್‌ಪಟ್ಟಿ ತಂದು, ಪೈಪಿನ ಬಾಯಿಗೆ ಅಡ್ಡ ಇಟ್ಟು, ಸರಿಯಾಗಿ ಎರಡು ಇಂಚು ಅಂತ ಹುಬ್ಬಳ್ಳಿಗೆ ಕಾಗದ ಬರೆದರು. ಅದು ಒಳಗಿನ ತೂತಿನ ಅಳತೆ, ಹೊದಿಕೆಗೆ ಬೇಕಾದದ್ದು ಹೊರಮೈ ಅಂತ ಅವರಿಗೂ ಹೊಳೆಯಲಿಲ್ಲ, ಮಿಸ್ತ್ರಿ ಅನ್ನಿಸಿಕೊಂಡ ನನಗೂ ಹೊಳೆಯಲಿಲ್ಲ.

ಬಸ್ಸಿನ ಟಾಪಿನ ಮೇಲೆ ಹೊದಿಕೆ ಬಂತು. ಮುಚ್ಚಿದರೆ ಎರಡು ಹೋಳಿನ ನಡುವೆ ಬೆರಳು ತೂರುವಷ್ಟು ಸಂದು.

“ಪೈಪು ಬಿಸಿಗೆ ಉಬ್ಬಿದ್ದು. ಒಂದಿನ ತಣಿಲಿ, ಆಮೇಲೆ ನೋಡನ” ಅಂದರು ಮಾಲಕರು.

ಒಲೆ ಆರಿಸಿದೆವು. ಅವತ್ತು ಇಡೀ ಲಾಡ್ಜಿಗೆ ತಣ್ಣೀರಿನ ಸ್ನಾನ. ಮರುದಿನ ನೋಡಿದರೆ ಸಂದು ಹಾಗೇ ಇತ್ತು. ಮಾಲಕರು ಪೈಪಿನ ಮೇಲೆ ಕೈಯಿಟ್ಟು ನೋಡಿ, “ಇದಕ್ಕೆ ಒಳಜ್ವರ ಇದ್ದು” ಅಂದರು.

೨. ಕೂರುವ ಪೈಪು

ಈ ಸಲ ಅಳತೆ ಬಲ್ಲವರನ್ನೇ ಕರೆಸೋಣ ಅಂತ ಎದುರು ಅಂಗಡಿಯ ದರ್ಜಿಯನ್ನು ಕರೆತಂದೆವು. ಟೇಪು ಕೊರಳಲ್ಲೇ ಇತ್ತು. ಪೈಪಿಗೆ ಸುತ್ತಿ ಹಿಡಿದು, “ಏಳೂವರೆ” ಅಂದರು. ಆಮೇಲೆ ಚೀಟಿಯಲ್ಲಿ ಒಂಬತ್ತೂವರೆ ಅಂತ ಬರೆದರು.

“ಎರಡು ಇಂಚು ಜಾಸ್ತಿ ಯಾಕೆ?” ಅಂದೆ.

“ಲೂಸು ಬಿಡಬೇಕು ಮಾರಾಯ್ರೆ. ನಿಂತಾಗ ಸರಿ ಇರ್ತದೆ, ಕೂತಾಗ ಬಿಗಿ ಆಗ್ತದೆ.”

“ಪೈಪು ಕೂರೋದಿಲ್ಲ.”

“ಮೂವತ್ತು ವರ್ಷದಿಂದ ಹೊಲೀತಿದ್ದೇನೆ, ನನಗೆ ಕಲಿಸ್ಬೇಡಿ” ಅಂದರು. ಹಿರಿಯರ ಮಾತು. ಚೀಟಿ ಹಾಗೇ ಹುಬ್ಬಳ್ಳಿಗೆ ಹೋಯಿತು.

ಬಂದ ಹೊದಿಕೆ ಪೈಪಿನ ಮೇಲೆ ಗಿರಗಿರ ತಿರುಗುತ್ತಿತ್ತು. ವಾರದೊಳಗೆ ಆ ಸಂದಿಯಲ್ಲಿ ಸುಂಡಿಲಿಗಳು ಸಂಸಾರ ಹೂಡಿದವು. ಅಷ್ಟು ಖರ್ಚಿನಲ್ಲಿ ಬೆಚ್ಚಗಾದದ್ದು ಅವು ಮಾತ್ರ.

೩. ನಮಸ್ಕಾರ

“ತಮಾ, ಮೂರನೇ ಸಲನೂ ಹೀಂಗೇ ಆದ್ರೆ ಪಾನಾ ಕಟ್ಕಂಡು ಸಿದ್ದಾಪುರಕ್ಕೆ ಹೋಗು” ಅಂದರು ಮಾಲಕರು. ತಪ್ಪು ಅವರದೊಂದು, ದರ್ಜಿಯದೊಂದು. ಗಂಟು ಕಟ್ಟಬೇಕಾದವನು ನಾನು. ಯಲ್ಲಾಪುರದ ಮಾವ ಕಣ್ಮುಂದೆ ಬಂದರು. ಮತ್ತೆ ಅಳೆಯೋಣ ಅಂತ ಬಾಯ್ಲರ್ ಆರಿಸಿ, ಮಹಡಿಯ ಜಗಲಿಯಲ್ಲಿ ಹೊದಿಕೆ ಕಳಚಿ, ಪೈಪಿನ ತುದಿಯ ಮುಚ್ಚಳ ಬಿಚ್ಚಿ, ತಲೆಯ ಮೇಲೆ ಕೈಹೊತ್ತು ಕೂತೆ.

ಮಾಲಕರ ಮನೆಯವರಿಗೆ ಬಳೆ ತೊಡಿಸಲು ಬನವಾಸಿ ಕಡೆಯ ಬಳೆಗಾರ ಬಂದಿದ್ದ. “ಯಾಕ್ರಿ ಮಿಸ್ತ್ರಿ, ಹಿಂಗ ಕುಂತೀರಿ?” ಅಂದ. ಹೇಳಿದೆ. ಅವನು ಪೈಪಿನ ತುದಿಯನ್ನು ಮುಂಗೈ ಹಿಡಿದ ಹಾಗೆ ಮೆಲ್ಲಗೆ ಒತ್ತಿ, “ಎರಡೂ ಆರಾಣಿ” ಅಂದ. ಬಳೆಗಾರರ ಲೆಕ್ಕದಲ್ಲಿ ಇಂಚಿಗೂ ಹದಿನಾರು ಆಣೆ. ಬಳೆ ಕಟ್ಟಿದ ಮಲಾರದಿಂದ ಒಂದು ಹಸಿರು ಬಳೆ ತೆಗೆದು ಪೈಪಿಗೆ ತೊಡಿಸಿದ. ಕೂದಲೆಳೆ ಸಂದಿಲ್ಲದೆ ಕೂತಿತು.

ಖುಷಿಯಿಂದ, “ಸಾಕು, ತೆಗೀರಿ” ಅಂದೆ.

“ತೊಡಸೋದು ನನ್ನ ಕೆಲಸರಿ. ತೆಗಿಯೋದಲ್ಲ” ಅಂದ. ಅಷ್ಟಕ್ಕೇ ಏಳಲಿಲ್ಲ. ಕಾಲು ಮಡಚಿ ಕೂತು ಕಾಯತೊಡಗಿದ.

ಮಾಲಕರು ಬಂದು, “ಇನ್ನೆಂತ?” ಅಂದರು.

“ಬಳಿ ತೊಟ್ಟವರು ಬಳಿಗಾರಗ ನಮಸ್ಕಾರ ಮಾಡೋದು ಪದ್ಧತಿರಿ. ಪೈಪಿಗೆ ಬಗ್ಗಾಕ ಬರಂಗಿಲ್ಲ. ಅದರ ಮನಿಯವರು ಯಾರರ ಮಾಡ್ರಿ.”

ಮಾಲಕರು ನನ್ನ ಮುಖ ನೋಡಿದರು. ನಾನು ಬಾಯ್ಲರ್ ಕಡೆ ನೋಡಿದೆ. ಪೈಪು ಅವರದು, ನನ್ನದಲ್ಲ. ಕೊನೆಗೆ ಅವರೇ ಶಾಲು ಸರಿಮಾಡಿಕೊಂಡು, ಬಳೆ ತೊಟ್ಟ ಪೈಪಿನ ಮುಂದೆ ಕೂತಿದ್ದ ಬಳೆಗಾರನಿಗೆ ಬಗ್ಗಿ ನಮಸ್ಕಾರ ಮಾಡಿದರು. ಅದೇ ಹೊತ್ತಿಗೆ ಸೇಟು ಟವೆಲ್ ಹೆಗಲ ಮೇಲೆ ಹಾಕಿಕೊಂಡು ಖೋಲಿಯಿಂದ ಹೊರಗೆ ಬಂದರು.

“ಅಚ್ಛಾ, ಈಗ ಪೂಜೆ ಮಾಡಿ ನೀರು ಕಾಯಿಸ್ತೀರಿ” ಅಂದರು.

೪. ನೋಡಿಯೇ ಗೊತ್ತಾಯಿತು

ಎರಡು ಇಂಚು ಆರಾಣೆ ಅಂತ ಬರೆದರೆ ಹುಬ್ಬಳ್ಳಿಯವರು ನಗುತ್ತಾರೆಂದು ಬಳೆಗೆ ಫೂಟ್‌ಪಟ್ಟಿ ಹಿಡಿದು ಇಂಚಿನ ಲೆಕ್ಕಕ್ಕೆ ತಿದ್ದಿ ಬರೆದು ಕಳಿಸಿದೆ. ಈ ಸಲ ಬಂದ ಹೊದಿಕೆ ಪೈಪನ್ನು ಅಪ್ಪಿ ಹಿಡಿಯಿತು. ಸೇಟು ಕೈ ಸುಟ್ಟುಕೊಂಡು ಬೈದರು, ಆದರೆ ನಾಲ್ಕೂ ಖೋಲಿ ಬಿಡಲಿಲ್ಲ. ನನ್ನ ಕೆಲಸ ಉಳಿಯಿತು, ಮದುವೆಯೂ ಆಯಿತು.

ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಏನಾದರೂ ಒಯ್ಯಬೇಕು ಅನ್ನಿಸಿ ಅದೇ ಬಳೆಗಾರನನ್ನು ಹುಡುಕಿಕೊಂಡು ಹೋದೆ. “ಕೈ ಅಳತಿ ಹೇಳ್ರಿ” ಅಂದ. ಹೆಣ್ಣು ನೋಡಲು ಹೋದಾಗ ನಾನು ತಲೆ ಎತ್ತಿರಲೇ ಇಲ್ಲ; ನೋಡಿದ್ದು ಅವಲಕ್ಕಿ ತಟ್ಟೆ ಮಾತ್ರ. ಮದುವೆಯಾದ ಮೇಲೂ ಕೈ ಎಷ್ಟು ದಪ್ಪ ಅಂತ ಯಾರು ನೋಡುತ್ತಾರೆ? ನನಗೆ ಗೊತ್ತಿದ್ದದ್ದು ಪ್ರಪಂಚದಲ್ಲಿ ಒಂದೇ ಒಂದು ಬಳೆಯ ಅಳತೆ. ಅದನ್ನೇ ಹೇಳಿದೆ.

ಅವಳ ಕೈಗೆ ಅವು ಹೇಳಿ ಮಾಡಿಸಿದ ಹಾಗೆ ಕೂತವು. ಅವಳ ಕಣ್ಣು ತುಂಬಿತು.

“ನನ್ನ ಕೈ ಅಳತೆ ನಿಮಗೆ ಹ್ಯಾಂಗೆ ಗೊತ್ತಾತು?”

“ನೋಡಿಯೇ ಗೊತ್ತಾಯಿತು” ಅಂದೆ.

ಅಂದಿನಿಂದ ಇಂದಿನವರೆಗೆ ಮಗಳಿಗೆ, ಸೊಸೆಗೆ, ಮೊಮ್ಮಕ್ಕಳಿಗೆ, ಬಂದ ನೆಂಟರಿಗೆಲ್ಲ ಅವಳು ಈ ಕತೆ ಹೇಳಿದ್ದಾಳೆ. ಹೇಳುವಾಗೆಲ್ಲ ನನ್ನ ಕಡೆ ಒಮ್ಮೆ ನೋಡುತ್ತಾಳೆ. ಆ ನೋಟಕ್ಕಾಗಿ ನಾನೂ ಪ್ರತಿ ಸಲ ಸುಳ್ಳಿಗೆ ತಲೆಯಾಡಿಸಿದ್ದೇನೆ. ಇದನ್ನು ಬರೆದು ಮುಗಿಸುವವರೆಗೆ ಅವಳ ಕನ್ನಡಕವನ್ನು ಪಾನಾ ಚೀಲದಲ್ಲಿ ಬಚ್ಚಿಟ್ಟಿದ್ದೇನೆ.