ಆರು ಜೇಬಿನ ಕಿಲ್ಟು

ಸೀರೆಗೆ ಜೇಬಿಲ್ಲ. ರವಿಕೆಗಿಲ್ಲ, ಲಂಗಕ್ಕಿಲ್ಲ. ನೈಟಿಗೆ ಇದ್ದರೂ ಅದರಲ್ಲಿ ಒಂದು ಕರ್ಚೀಫು ಹಿಡಿಸಿದರೆ ಪುಣ್ಯ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ, ಹೆಂಗಸು ಕೀ ಕಳೆದುಕೊಂಡರೆ ಜನ ಬೈಯುವುದು ಹೆಂಗಸನ್ನೇ ಹೊರತು ಬಟ್ಟೆ ಹೊಲಿಸಿದವರನ್ನಲ್ಲ.

ಬಿಟಿಎಂ ಲೇಔಟಿನಲ್ಲಿ ಚಿಕ್ಕಬೈರಪ್ಪನವರ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಅನ್ನಪೂರ್ಣ ಹೀಗೆ ಎರಡು ಸಲ ಬೈಸಿಕೊಂಡಿದ್ದಳು. ಮೊದಲ ಸಲ ಸೆರಗಿಗೆ ಗಂಟು ಹಾಕಿದ್ದ ಕೀ ಬಸ್ಸಿನ ನೂಕುನುಗ್ಗಲಿನಲ್ಲಿ ಉದುರಿಹೋಯಿತು. ಎರಡನೇ ಸಲ ಅಂಗೈಯಗಲದ ಪರ್ಸಿನ ಸಮೇತ ತರಕಾರಿ ಗಾಡಿಯ ಮೇಲೆ ಉಳಿದುಹೋಯಿತು. ಎರಡು ಸಲವೂ ಬೀಗ ಒಡೆಸಿದ ಚಿಕ್ಕಬೈರಪ್ಪನವರು (ಹೊಲವೆಲ್ಲ ಸೈಟಾದ ಮೇಲೆ ಅವರಿಗೆ ಉಳಿದಿದ್ದ ಏಕೈಕ ಕೃಷಿಯೆಂದರೆ ಬಾಡಿಗೆಯವರ ಮೇಲೆ ರೇಗುವುದು) ರಾಜಶಾಸನ ಹೊರಡಿಸಿದ್ದರು:

“ನೋಡಮ್ಮ, ಇನ್ನೊಂದ್ ಸಲ ಕೀ ಕಳೆದ್ರೆ ಮನೆ ಖಾಲಿ ಮಾಡ್ಬಿಡಿ. ನಂಗೂ ಬೀಗ ಒಡ್ಸೋದೇ ಕಸುಬಾಗೋಯ್ತು.”

ಖಾಲಿ ಮಾಡಿ ಎಲ್ಲಿಗೆ ಹೋಗುವುದು? ಗಾರ್ಮೆಂಟ್ಸ್ ಕೆಲಸಕ್ಕೆ ಒಂದೇ ಬಸ್ಸು ಸಾಕಾಗುವ, ನಲ್ಲಿಯಲ್ಲಿ ನೀರೂ ಬರುವ ಈ ಮನೆ ಸಿಗಲು ಅವಳು ಹನ್ನೊಂದು ತಿಂಗಳು ಅಲೆದಿದ್ದಳು.

ಆಗ ಗಂಡ ಚನ್ನವೀರನಿಗೆ ಜ್ಞಾನೋದಯವಾಯಿತು. ಶನಿವಾರ ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ, ಎಕ್ಸ್‌ಪೋರ್ಟ್ ರಿಜೆಕ್ಟ್ ಬಟ್ಟೆಯ ರಾಶಿಯೊಳಗೆ ಮೊಣಕೈವರೆಗೆ ಮುಳುಗಿ, ಒಂದು ಖಾಕಿ ಲಂಗ ಎತ್ತಿ ತಂದ.

“ನೋಡ, ಫಾರಿನ್ ಲಂಗ. ಆರು ಜೇಬು! ಇನ್ನ ಹೆಂಗ ಕಳೀತಿ ಕೀ?”

ಅನ್ನಪೂರ್ಣ ಅದನ್ನು ತಿರುಗಿಸಿ ನೋಡಿ ಹಣೆ ಬಡಿದುಕೊಂಡಳು. ಎರಡು ತಿಂಗಳಿಂದ ಅವಳ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದುದು ಇದನ್ನೇ. ಗಂಟೆಗೆ ಅರವತ್ತರಂತೆ ಇದರ ಜೇಬು ಕೂಡಿಸಿ ಕೂಡಿಸಿ ಅವಳ ಕತ್ತು ಹಿಡಿದುಹೋಗಿತ್ತು.

“ಇದು ಲಂಗ ಅಲ್ರೀ, ಕಿಲ್ಟು! ಗಂಡಸರು ಉಡೋದು.”

“ಗಂಡಸರು ಲಂಗ ಉಡ್ತಾರ? ಹುಚ್ಚಿ!”

“ಸ್ಕಾಟ್ಲೆಂಡ್ ಅಂತ ದೇಶ ಐತಂತ. ಅಲ್ಲಿ ಮುತ್ತಜ್ಜರ ಕಾಲದಿಂದ ಉಣ್ಣೀದು, ಚೌಕಳೀದು ಉಡ್ತಾರಂತ. ಈಗಿನವರಿಗೆ ಪ್ಯಾಂಟಿನ ಬಟ್ಟೀದು ಬೇಕಂತ. ಸೊಂಟಕ್ಕ ಒತ್ತುಗುಂಡಿ ನೋಡ್ರಿ, ಹೊಟ್ಟಿ ಬಂದ್ರ ಒಂದು ಸಡ್ಲ ಬಿಡಬಹುದು. ಹಿಂದ ನೆರಿಗಿ, ಬೀಸಿ ನಡಿಯಾಕ. ಕೀ ಸಿಗಿಸಾಕ ಬ್ಯಾರೆ ಉಂಗುರ. ಜೇಬಿಗೆ ಮುಚ್ಚಳ, ಓಡಿದ್ರೂ ಏನೂ ಬೀಳಂಗಿಲ್ಲ. ನೀವ ಉಟ್ಕೋರಿ!”

“ನಾನಾ? ನಮ್ಮಪ್ಪ ನೋಡಿದ್ರ ಬಾವಿಗೆ ಬೀಳ್ತಾನ!” ಎಂದ ಚನ್ನವೀರ, ಜಾರುತ್ತಿದ್ದ ಲುಂಗಿಯನ್ನು ಎತ್ತಿ ಕಟ್ಟಿಕೊಳ್ಳುತ್ತ.

ಅನ್ನಪೂರ್ಣಳ ಪಿತ್ತ ನೆತ್ತಿಗೇರಿತು. ಗಂಡಸು ಲಂಗ ಉಡಲು ಮನಸ್ಸು ಮಾಡಿದರೆ ಲೋಕ ಅದಕ್ಕೂ ಆರು ಜೇಬು ಹಚ್ಚಿಕೊಡುತ್ತದೆ. ಆ ಜೇಬು ಹೊಲಿಯುವ ನಾನೂರು ಹೆಂಗಸರ ಮೈಮೇಲೆ ಹುಡುಕಿದರೂ ಒಂದು ಜೇಬಿಲ್ಲ! ಭಾನುವಾರ ಬೆಳಿಗ್ಗೆ ನೈಟಿಯ ಮೇಲೆಯೇ ಕಿಲ್ಟು ಸುತ್ತಿ, ಟಪ್ ಟಪ್ಪೆಂದು ಗುಂಡಿ ಒತ್ತಿ, ಉಂಗುರಕ್ಕೆ ಕೀ ಸಿಗಿಸಿ, ದಂಡನಾಯಕಿಯಂತೆ ಮೆಟ್ಟಿಲಿಳಿದಳು.

“ಏನಮ್ಮ ಇದು ವೇಷ? ಮಾನಸ್ಥರ ಮನೆ ಇದು!” ಪಟ್ಟೆ ಚಡ್ಡಿ ಕಾಣುವಂತೆ ಲುಂಗಿ ಮಡಚಿ ನಿಂತಿದ್ದ ಚಿಕ್ಕಬೈರಪ್ಪನವರು ಗುಡುಗಿದರು.

“ಮೊದ್ಲು ನಿಮ್ ಚಡ್ಡಿ ಮುಚ್ಕೊಳಿ,” ಎಂದರು ಅವರ ಹೆಂಡತಿ ಮುನಿಲಕ್ಷ್ಮಮ್ಮ. “ಅನ್ನಪೂರ್ಣ, ಜೇಬು ಸಕತ್ತಾಗೈತೆ ಕಣೆ! ಮಾರ್ಕೆಟ್ಟಿಗಾ? ತಡಿ, ನಾನೂ ಬತ್ತೀನಿ. ಈ ಎಲೆಅಡಿಕೆ ಚೀಲ ಇಟ್ಕೊ.”

ಅಲ್ಲಿಗೆ ಶುರುವಾಯಿತು. ಎಲೆಅಡಿಕೆ ಹಿಂದೆ ಸುಣ್ಣದ ಡಬ್ಬಿ ಬಂತು. ಚನ್ನವೀರನ ಕನ್ನಡಕ, ಬಾಚಣಿಗೆ, ಮೊಬೈಲು ಬಂದವು. ಮಾನಸ್ಥ ಚಿಕ್ಕಬೈರಪ್ಪನವರೂ ತುಂಬಿಸಿ ತರಲು ತಮ್ಮ ಖಾಲಿ ನಶ್ಯದ ಡಬ್ಬಿಯ ಜೊತೆಗೆ ಸೋರುವ ಹಿತ್ತಾಳೆ ನಲ್ಲಿಯೊಂದನ್ನು ತಂದರು. “ಹೆಂಗೂ ಹೋಗ್ತಿದ್ದೀಯ, ಇದಕ್ಕೊಂದು ವಾಷರ್ ಹಾಕ್ಸ್ಕೊಂಡ್ ಬಾ.” ಆರೂ ಜೇಬು ತುಂಬಿದವು. ಚನ್ನವೀರ ಉಂಗುರದಿಂದ ಕೀ ಬಿಚ್ಚಿ ತನ್ನ ಪ್ಯಾಂಟಿನ ಜೇಬಿಗೆ ಹಾಕಿಕೊಂಡು, ಅಲ್ಲಿ ನಲ್ಲಿ ನೇತುಹಾಕಿದ.

“ಕೀ ಕಳೀತೀರಿ ನೀವು!”

“ಗಂಡಸಿನ ಜೇಬು ಐತಿ ಇದು. ಸುಮ್ಮನ ನಡಿ.”

ಗಂಡ ಕೈಬೀಸಿಕೊಂಡು ಜೊತೆಗೆ ನಡೆದರೆ, ಅವಳು ಸಂತೆಗೆ ಹೊರಟ ಕತ್ತೆಯಂತೆ ಹೋದಳು, ಹಾಗೆಯೇ ಬಂದಳು. ಬಾಗಿಲ ಮುಂದೆ ಚನ್ನವೀರ ಅಂಗಿ ತಟ್ಟಿದ, ಪ್ಯಾಂಟು ತಟ್ಟಿದ, ಕೊನೆಗೆ ಬಾಗಿಲನ್ನೇ ತಟ್ಟಿದ. ಕೆಳಗಿಂದ ಚಿಕ್ಕಬೈರಪ್ಪನವರು ಓಡಿ ಬಂದರು, ಹಿಂದೆಯೇ ಮುನಿಲಕ್ಷ್ಮಮ್ಮ.

“ಕಳೆದ್ಯಾ? ಆರ್ ಜೇಬಿಟ್ಕೊಂಡೂ ಕಳೆದ್ಯಾ? ಇವತ್ತೇ ಖಾಲಿ ಮಾಡಮ್ಮ!”

ಅನ್ನಪೂರ್ಣ ಮುಚ್ಚಳಗಳನ್ನು ಕಿತ್ತು ತೆರೆದು ಆರೂ ಜೇಬುಗಳನ್ನು ಮೆಟ್ಟಿಲ ಮೇಲೆ ಸುರಿದಳು. ಅವರವರು ಬಗ್ಗಿ ಅವರವರದನ್ನು ಎತ್ತಿಕೊಂಡರು. ಅವಳದೆಂದು ಅಲ್ಲಿ ಒಂದು ಪಿನ್ನೂ ಉಳಿಯಲಿಲ್ಲ.

“ಕೀ ಇದ್ದದ್ದು ಇವರ ಕಡೆ!” ಎಂದು ಗಂಡನತ್ತ ಕೈ ತೋರಿಸಿದಳು.

ಚನ್ನವೀರ ತಲೆ ಕೆರೆದುಕೊಂಡ. “ಚಾದಂಗಡ್ಯಾಗ ಚಾ ಕುಡಿಯೋಮುಂದ ಬೆಂಚಿನ ಮ್ಯಾಲ ಇಟ್ಟಿದ್ನೇನೋ…”

ಚಿಕ್ಕಬೈರಪ್ಪನವರ ಮುಖ ತಟ್ಟನೆ ತಂಪಾಯಿತು. “ಓ, ನೀವಾ? ಬಿಡಿ ಸಾರ್. ಗಂಡಸ್ರಿಗೆ ನೂರೆಂಟು ತಲೆಬಿಸಿ. ಮರೆಯೋದು ಸಹಜ.”

ಖಾಲಿ ಮಾಡುವ ಮಾತು ಅಲ್ಲೇ ಸತ್ತಿತು. ಬೀಗ ಒಡೆದರು. ಹೊಸ ಬೀಗ ಬಂತು, ಅದರ ಜೊತೆ ಎರಡು ಕೀ. ಎರಡನ್ನೂ ಚಿಕ್ಕಬೈರಪ್ಪನವರು ಚನ್ನವೀರನ ಅಂಗೈಯಲ್ಲಿಟ್ಟರು.

“ನಿಮ್ ಹತ್ರಾನೇ ಇರ್ಲಿ ಸಾರ್. ಹೆಂಗಸ್ರನ್ನ ನಂಬಕ್ಕಾಗಲ್ಲ.”

ಚನ್ನವೀರ ಗಂಭೀರವಾಗಿ ತಲೆಯಾಡಿಸಿದ. ಒಡೆದ ಬೀಗವನ್ನು ಹೆಂಡತಿಯ ಜೇಬಿಗೆ ತುರುಕಿದ. “ಈಗ ಖಾಲಿ ಐತಲ್ಲ. ನಾಳಿ ಗುಜರಿಗೆ ಹಾಕಿ ಬಾ.”

ನಗಬೇಡಿ. ನಿಮ್ಮ ಕನ್ನಡಕ ಈಗ ಯಾರ ಚೀಲದಲ್ಲಿದೆ? ಎದ್ದೇಳಿ, ನಿಮ್ಮ ಮನೆಯಾಕೆಯ ಮುಂದೆ ಎರಡೂ ಕೈ ಚಾಚಿ ನಿಲ್ಲಿ, ಅವಳು ಹೊತ್ತಿರುವ ನಿಮ್ಮ ಸಾಮಾನನ್ನೆಲ್ಲ ವಾಪಸು ತೆಗೆದುಕೊಳ್ಳಿ. ಮನೆಯ ಕೀ ಅವಳಿಗೆ ಕೊಡಿ.