ಹನ್ನೊಂದು ಎಂಟರ್, ಒಂದು ಪಂಪು

ನನ್ನ ಮಾತನ್ನು ಇಷ್ಟು ಗಂಭೀರವಾಗಿ ಯಾರಾದರೂ ತೆಗೆದುಕೊಳ್ಳುತ್ತಾರೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮನೆಯಲ್ಲಿ ಆ ಅಭ್ಯಾಸವೇ ಇಲ್ಲವಲ್ಲ!

ವೈಟ್‌ಫೀಲ್ಡಿನಲ್ಲಿರುವ ನಮ್ಮ ಕಂಪನಿ ನೀರಿನ ಪಂಪು ಮಾರುತ್ತದೆ. ಗ್ರಾಹಕರ ದೂರುಗಳೆಲ್ಲ ಇವತ್ತಿಗೂ ಹಳೆಯ ಮೇನ್‌ಫ್ರೇಮ್ ಕಂಪ್ಯೂಟರಿಗೇ ಹೋಗುತ್ತವೆ. ಕಪ್ಪು ಪರದೆ, ಹಸಿರು ಅಕ್ಷರ. ಮೊದಲೆಲ್ಲ ದೂರು ದಾಖಲಿಸಿದವರು ಯಾವ ಮೆಕ್ಯಾನಿಕ್ ಹೋಗುತ್ತಾನೆಂದು ಗೊತ್ತಾಗುವವರೆಗೆ ಪರದೆಯ ಮುಂದೆ ಬಾಯಿ ಬಿಟ್ಟುಕೊಂಡು ಕೂರಬೇಕಿತ್ತು. ಅದಕ್ಕೆ ನಾನೊಂದು ಪ್ರೋಗ್ರಾಂ ಬರೆದೆ. ಎಂಟರ್ ಒತ್ತಿದ ತಕ್ಷಣ ಪರದೆ ಖಾಲಿ. ನೀವು ಬೇರೆ ಕೆಲಸ ನೋಡಿಕೊಳ್ಳಬಹುದು. ಹಿಂದೆ, ಯಾರ ಕಣ್ಣಿಗೂ ಬೀಳದಂತೆ, ಒಂದು ಬ್ಯಾಕ್‌ಗ್ರೌಂಡ್ ಸೆಷನ್ ಶುರುವಾಗಿ, ಬಿಡುವಾಗಿರುವ ಸರ್ವಿಸ್ ವ್ಯಾನನ್ನು ಹುಡುಕಿ ದೂರು ಕೊಟ್ಟವರ ಬಾಗಿಲಿಗೆ ಅಟ್ಟುತ್ತದೆ. ಹತ್ತಿರ ಸಿಗದಿದ್ದರೆ ಅತ್ತಿಬೆಲೆಯಿಂದಲಾದರೂ ಕರೆಸುತ್ತದೆ. ಬರೆದವನು ನಾನೇ ಆದರೂ ಅದರ ಹಟ ನೋಡಿ ನನಗೇ ಭಯಭಕ್ತಿ ಬಂದಿತ್ತು.

ಆ ಶನಿವಾರ ಬೆಳಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಪಂಪು ಕೆಟ್ಟಿತು. ಭಾನುವಾರ ಕೆಳಗಿನ ಹಾಲ್‌ನಲ್ಲಿ ನನ್ನ ನಾದಿನಿಯ ಮಗುವಿನ ತೊಟ್ಟಿಲ ಶಾಸ್ತ್ರ.

"ರೀ, ದಾವಣಗೆರೆಯಿಂದ ಅರವತ್ತು ಜನ ಬರ್ತಾರೆ. ಕೈ ತೊಳೆಯೋಕೂ ನೀರಿಲ್ಲ. ನೀವು ಏನಾದ್ರೂ ಮಾಡ್ತೀರೋ, ನಾನೇ ಮಾಡ್ಲೋ?" ಎಂದಳು ನನ್ನ ಹೆಂಡತಿ ಗಿರಿಜಾ.

"ನೀನು ಹಾಯಾಗಿರು ಕಣೇ! ನಮ್ಮ ಕಂಪನಿ ಪಂಪು, ನನ್ನ ಪ್ರೋಗ್ರಾಂ. ಒಂದೇ ಒಂದು ಎಂಟರ್! ನಾಳೆ ಬೆಳಗ್ಗೆ ಎಂಟಕ್ಕೆ ಗೇಟ್ ಹತ್ರ ವ್ಯಾನ್ ನಿಂತಿರುತ್ತೆ."

ಅವಳು ಫೋನು ಎತ್ತಿಕೊಂಡು ಒಳಗೆ ಹೋದಳು. ಒಪ್ಪಿಕೊಂಡಳು ಎಂದುಕೊಂಡೆ.

ಆಫೀಸಿಗೆ ಹೋಗಿ ದೂರು ತುಂಬಿಸಿ, ಭಾನುವಾರ ಬೆಳಗ್ಗೆ ಎಂಟಕ್ಕೆ ಎಂದು ಸಮಯವನ್ನೂ ಹಾಕಿ ಎಂಟರ್ ಒತ್ತಿದೆ. ಪರದೆ ಖಾಲಿಯಾಯಿತು. ಹೂಂ ಇಲ್ಲ, ಉಹೂಂ ಇಲ್ಲ. ಹೀಗೇ ಆಗಬೇಕು ಎಂದು ಬರೆದವನು ನಾನೇ. ಆದರೆ ಅರವತ್ತು ಜನ ಬೀಗರು ಕಣ್ಣಮುಂದೆ ಬಂದಾಗ ಬರೆದದ್ದೆಲ್ಲ ಯಾರಿಗೆ ನೆನಪಿರುತ್ತದೆ? ಲಿಫ್ಟ್ ಬೇಗ ಬರಲೆಂದು ಗುಂಡಿಯನ್ನು ಹತ್ತು ಸಲ ಒತ್ತುವ ಜಾತಿ ನನ್ನದು. ಮತ್ತೆ ತುಂಬಿಸಿ ಒತ್ತಿದೆ. ಖಾಲಿ. ಮತ್ತೆ ಒತ್ತಿದೆ. ಕೈ ನೋಯತೊಡಗಿದಾಗ ನಿಲ್ಲಿಸಿದೆ.

ಭಾನುವಾರ ಎಂಟು ಗಂಟೆಗೆ ಸರಿಯಾಗಿ ವಾಚ್‌ಮನ್ ಮಲ್ಲಪ್ಪ ಓಡಿಬಂದ.

"ಸಾರ್, ಪಂಪಿನ ಗಾಡಿ ಬಂದಾವ್ರೀ!"

"ಬಂತಾ? ಒಳಗೆ ಬಿಡು."

"ಯಾವ್ದನ್ನ ಬಿಡ್ಲಿರೀ? ಹನ್ನೊಂದ್ ಅದಾವ್!"

ಬಾಲ್ಕನಿಗೆ ಓಡಿದೆ. ಅಬ್ಬಬ್ಬಾ! ಗೇಟಿನಿಂದ ಮುಖ್ಯರಸ್ತೆಯ ತನಕ ನೀಲಿ ವ್ಯಾನುಗಳ ಸಾಲು. ಪೀಣ್ಯದ್ದು, ಮಾರತ್ತಹಳ್ಳಿಯದು, ಕೊನೆಗೆ ಅತ್ತಿಬೆಲೆಯದು. ಒಂದೊಂದು ಎಂಟರಿಗೂ ಒಂದೊಂದು ಸೆಷನ್, ಒಂದೊಂದು ಸೆಷನ್ನಿಗೂ ಒಂದೊಂದು ವ್ಯಾನು! ಒಂದೂ ತಪ್ಪಿಲ್ಲ, ಒಂದೂ ತಡವಾಗಿಲ್ಲ. ನಿಜ ಹೇಳುತ್ತೇನೆ, ಹೆದರಿಕೆಗಿಂತ ಮೊದಲು ಹೆಮ್ಮೆಯಿಂದ ಮೈ ಜುಮ್ಮೆಂದಿತು.

ಅಷ್ಟರಲ್ಲಿ ನಮ್ಮ ಹಿರಿಯ ಅಧಿಕಾರಿ ಸರೋಜಾ ಮೇಡಂ ಫೋನು.

"ಊರಲ್ಲಿರೋ ವ್ಯಾನೆಲ್ಲ ನಿಮ್ಮನೆ ಮುಂದೆ ಯಾಕಪ್ಪಾ? ಎಷ್ಟು ಸಲ ಎಂಟರ್ ಒತ್ತಿದೆ?"

"ಒಂದೆರಡು ಸಲ ಮೇಡಂ..."

"ಹನ್ನೊಂದು. ಇಲ್ಲಿ ಕಾಣ್ತಿದೆ. ಪ್ರೋಗ್ರಾಂ ಏನೋ ಸಕ್ಕತ್ತಾಗಿದೆ ಕಣಪ್ಪಾ. ಬರೆದವನನ್ನ ಮಾತ್ರ ಕೀಬೋರ್ಡ್ ಹತ್ರ ಬಿಡಬಾರದು!"

ತಲೆ ತಗ್ಗಿಸಿಕೊಂಡು ಹನ್ನೊಂದು ಜನ ಮೆಕ್ಯಾನಿಕ್‌ಗಳನ್ನು ಪಂಪಿನ ಕೋಣೆಗೆ ಕರೆದೊಯ್ದೆ. ಒಳಗೆ ಪಂಪು ಗುಂಯ್ ಎನ್ನುತ್ತಿತ್ತು. ಟ್ಯಾಂಕು ತುಂಬಿ ನೀರು ಹೊರಗೆ ಹರಿಯುತ್ತಿತ್ತು!

ಹೋಳಿಗೆಯ ಪಾತ್ರೆ ಹಿಡಿದು ಹಾಲ್‌ಗೆ ಹೊರಟಿದ್ದ ಗಿರಿಜಾಳನ್ನು ಕೇಳಿದೆ.

"ನಿನ್ನೇನೇ ಪಕ್ಕದ ಬೀದಿ ಎಲೆಕ್ಟ್ರಿಷಿಯನ್ ಮಂಜಣ್ಣಂಗೆ ಫೋನ್ ಮಾಡಿದ್ದೆ. ಸ್ಟಾರ್ಟರ್ ವೈರನ್ನ ಇಲಿ ಕಡಿದಿತ್ತಂತೆ. ಇವತ್ತು ಬೆಳಗ್ಗೆ ಆರಕ್ಕೇ ಬಂದು ಸರಿ ಮಾಡಿ ಹೋದ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳ್ತಾ ನಿಂತ್ರೆ ಕೆಲಸ ಯಾರು ಮಾಡ್ತಾರ್ರೀ?"

ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಮೇನ್‌ಫ್ರೇಮಿಗೆ ಕಲಿಸಿದ, ಸದ್ದಿಲ್ಲದೆ ಹಿಂದಿನಿಂದಲೇ ಕೆಲಸ ಮುಗಿಸುವ ವಿದ್ಯೆ ಇಷ್ಟು ವರ್ಷದಿಂದ ನನ್ನ ಅಡುಗೆಮನೆಯಲ್ಲೇ ಇತ್ತು! ಆ ಹನ್ನೊಂದು ಜನ ಹಸಿದು ನಿಂತಿದ್ದರು. ಗಿರಿಜಾ ಪಾತ್ರೆಯನ್ನು ನನ್ನ ಕೈಗಿಟ್ಟಳು.

"ಬಡಿಸಿ," ಎಂದಳು. ಒಂದೇ ಸಲ.

ಬಡಿಸಿದೆ.