ಕೋಟೆ ಬಾಗಿಲು ಮತ್ತೆ ತೆರೆದಿದೆ

ಕೆಲವರ ಮನೆಗೆ ಬೇಡವೆಂದರೂ ನೆಂಟರು ತಿರುಗಿ ತಿರುಗಿ ಬರುತ್ತಾರೆ. ನಮ್ಮ ಮನೆಗೆ ಒಂದೇ ಸಿನಿಮಾ ತಿರುಗಿ ತಿರುಗಿ ಬರುತ್ತದೆ. ಪ್ರತಿ ಸಲವೂ ಹೊಸ ಅಂಗಿ ತೊಟ್ಟು, ಈ ಸಲ ಪೂರ್ತಿ ಬಂದಿದ್ದೇನೆ ಎಂದು ಹೇಳಿಕೊಂಡೇ ಬರುತ್ತದೆ. ಒಳಗೆ ಕರೆದು ಕೂರಿಸಿ ನೋಡಿದರೆ ಕೈಯನ್ನೋ ಕಾಲನ್ನೋ ಎಲ್ಲೋ ಬಿಟ್ಟು ಬಂದಿರುತ್ತದೆ. ನನಗೆ ನಿವೃತ್ತಿಯ ವಯಸ್ಸಾಯಿತು, ಈ ಜಗಳಕ್ಕೆ ಮಾತ್ರ ಆಗಿಲ್ಲ.

ನಾನು ಗಣಿತದ ಮಾಸ್ತರ. ಸವಣೂರು, ಹಿರೇಕೆರೂರು, ಶಿಗ್ಗಾವಿ, ಹಾನಗಲ್ಲು ಎಂದು ವರ್ಗವಾದಲ್ಲೆಲ್ಲ ನನ್ನ ಹಿಂದೆ ಒಂದು ಕಬ್ಬಿಣದ ಕಪಾಟು ಬರುತ್ತಿತ್ತು. ಅದರ ತುಂಬ ಹಳೆಯ ಸಿನಿಮಾಗಳು. ಎತ್ತಿ ಇಡುವ ಹಮಾಲರು ಒಳಗೆ ಬಂಗಾರವೇ ಇದೆ ಎಂದು ತಿಳಿಯುತ್ತಿದ್ದರು. ಅಷ್ಟು ನಸೀಬು ನಮಗೆಲ್ಲಿಯದು ಎಂದು ನನ್ನ ಹೆಂಡತಿ ಅವರಿಗೆ ಚಹಾ ಕೊಡುತ್ತ ಹೇಳುತ್ತಿದ್ದಳು.

ಅಷ್ಟು ಸಿನಿಮಾ ಕೂಡಿಸಿಟ್ಟರೂ ನನಗೆ ನಿಜವಾಗಿ ಬೇಕಾದದ್ದು ಒಂದೇ. ನಾನು ಹುಟ್ಟುವ ಮೊದಲು ಬಂಕಾಪುರದ ಕೋಟೆಯಲ್ಲಿ ಒಂದು ರಾಜರ ಕಾಲದ ಚಿತ್ರ ತೆಗೆದರು. ನಮ್ಮಪ್ಪ ಸವಣೂರಿನಲ್ಲಿ ಎಲೆತೋಟ ಮಾಡಿಕೊಂಡಿದ್ದವನು, ಒಳ್ಳೆಯ ಎತ್ತರದ ಆಳು. ಎಲೆ ಮಾರಲು ಬಂಕಾಪುರಕ್ಕೆ ಹೋದವನನ್ನು ಹಿಡಿದು, ಮೀಸೆ ಅಂಟಿಸಿ, ಕೈಗೆ ಭರ್ಚಿ ಕೊಟ್ಟು ಸಿಪಾಯಿ ಮಾಡಿದರು. ಮೇಲೆ ಒಂದು ಮಾತನ್ನೂ ಕೊಟ್ಟರು: "ಪ್ರಭು, ಕೋಟೆಯ ಬಾಗಿಲು ತೆರೆದಿದೆ."

ನಾನು ನಡೆಯಲು ಕಲಿಯುವ ಮೊದಲೇ ಅಪ್ಪ ತೀರಿಕೊಂಡ. ಅವ್ವ ನನ್ನನ್ನು ಎತ್ತಿಕೊಂಡು ಹಿರೇಕೆರೂರಿನ ತವರಿಗೆ ಬಂದಳು. ಮನೆಯಲ್ಲಿ ಅಪ್ಪನದೊಂದು ಫೋಟೋ ಇದೆ. ದನಿ ಮಾತ್ರ ಆ ಸಿನಿಮಾದಲ್ಲಷ್ಟೇ ಇತ್ತು. ಸಣ್ಣವನಿದ್ದಾಗ ಜಾತ್ರೆಗೆ ಬರುವ ಟೆಂಟಿನಲ್ಲಿ ಕೇಳಿದ್ದೆ. ಎಂಥ ದನಿ ಅಂತೀರಿ, ನಗಾರಿ ಬಾರಿಸಿದ ಹಾಗೆ. ನನ್ನದೋ ಹೆಣ್ಣುಮಗಳ ಹಾಗೆ ಸಣ್ಣ ದನಿ. ಹಿಂದಿನ ಬೆಂಚಿನವರಿಗೆ ಕೇಳುವುದಿಲ್ಲ, ಕೇಳಿದವರು ನಗುತ್ತಾರೆ. ಯಾರಾದರೂ ಕುಚೇಷ್ಟೆ ಮಾಡಿದರೆ, ನಮ್ಮಪ್ಪನ ದನಿ ಕೇಳಿದ್ದೀರೇನು ಎಂದು ಅವರನ್ನು ಟಿ.ವಿ. ಮುಂದೆ ಕೂರಿಸುವುದು ನನ್ನ ಪದ್ಧತಿ. ನನ್ನ ದನಿ ಅವ್ವನ ಕಡೆಯಿಂದ ಬಂದಿರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದೆ.

೧. ಸಿಡುಬು

ಮೊದಲ ನೌಕರಿ ಸವಣೂರಿನಲ್ಲಿ. ಅಪ್ಪನ ಕಾಲದ ಎಲೆ ವ್ಯಾಪಾರಿಯೊಬ್ಬ ಇನ್ನೂ ಬದುಕಿದ್ದ. ನನ್ನ ಮಾತು ಕೇಳಿ, ಥೇಟ್ ನಿಮ್ಮಪ್ಪ ಮಾತಾಡಿದ ಹಾಗೇ ಆಯಿತಲ್ಲೋ ಎಂದು ಕಣ್ಣೀರು ಹಾಕಿದ. ಮುದುಕನಿಗೆ ಕಿವಿ ಮಂದ ಎಂದು ಬಿಟ್ಟುಬಿಟ್ಟೆ.

ಅದೇ ಕಾಲಕ್ಕೆ ಆ ಸಿನಿಮಾದ ಕ್ಯಾಸೆಟ್ ಬಂತು. ಅಂಗಡಿಯಿಂದ ಟಿ.ವಿ., ವಿ.ಸಿ.ಆರ್. ಎರಡನ್ನೂ ಬಾಡಿಗೆಗೆ ತಂದು ಅವ್ವನನ್ನು ಮುಂದೆ ಕೂರಿಸಿದೆ. ಅಪ್ಪ ಬಂದ, ಭರ್ಚಿ ಊರಿದ, ಬಾಗಿಲು ತೆರೆದಿದೆ ಎಂದ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ದಡದಡ ಎದ್ದು ಅಡುಗೆಮನೆಗೆ ಹೋದಳು. ಹಿಂದಿನಿಂದ ನೋಡಿದರೆ ಹೆಗಲು ಅಲುಗುತ್ತಿತ್ತು. ಅಳಲಿ, ಅತ್ತರೆ ಹಗುರಾದೀತು ಎಂದುಕೊಂಡೆ. ಆಮೇಲೆ ಎಷ್ಟು ಸಲ ಹಾಕಿದರೂ ಅವ್ವ ಆ ಮಾತಿಗೆ ಸರಿಯಾಗಿ ಎದ್ದು ಹೋಗುತ್ತಿದ್ದಳು. ಕೇಳಿದರೆ ಹಾಲು ಇಟ್ಟಿದ್ದೆ ಎನ್ನುತ್ತಿದ್ದಳು.

ಅವ್ವ ಎದ್ದು ಹೋದ ಮೇಲೆ ನಾನು ಟೇಪು ಹಿಂದಕ್ಕೆ ಸುತ್ತುವುದು, ಕೇಳುವುದು, ಮತ್ತೆ ಸುತ್ತುವುದು. ವರ್ಷ ಕಳೆಯುವುದರೊಳಗೆ ಟೇಪು ಅಲ್ಲೇ ಸವೆಯಿತು. ಅಪ್ಪನ ಮುಖದ ಮೇಲೆ ಬಿಳಿ ಚುಕ್ಕೆ ಕುಣಿಯತೊಡಗಿದವು. ಅಂಗಡಿಯವನಿಗೆ ಒಯ್ದು ಕೊಟ್ಟೆ. ಅವನು ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡಿ, ಕ್ಯಾಸೆಟ್ಟನ್ನು ಮೆಲ್ಲಗೆ ನನ್ನ ಕೈಗಿಟ್ಟ.

"ಪಿಕ್ಚರ್ ಪೂರಾ ಹೊಸಾದು ಐತ್ರಿ ಸರ. ನಿಮ್ಮಪ್ಪಾರೊಬ್ಬರಿಗೇ ಸಿಡುಬು ಎದ್ದೈತಿ."

೨. ಬಾಗಿಲದ್ದು ಏನಾತು?

ಹಿರೇಕೆರೂರಿಗೆ ವರ್ಗವಾದಾಗ ಸೀಡಿ ಬಂದಿತ್ತು. ಸೀಡಿ ಸವೆಯುವುದಿಲ್ಲ ಎಂದು ಎಲ್ಲರೂ ಹೇಳಿದರು, ಅದು ನಿಜವೂ ಆಗಿತ್ತು. ಆದರೆ ಒಂದು ಸಿನಿಮಾಕ್ಕೆ ಎರಡು ಸೀಡಿ. ಎಲ್ಲಿ ತುಂಡು ಮಾಡಬೇಕೆಂದು ಕಂಪನಿಯವರು ಯೋಚಿಸಿದಂತೆ ಕಾಣಲಿಲ್ಲ.

ಶಾಲೆಯ ಹೆಡ್‌ಮಾಸ್ತರರು ನನ್ನ ದನಿಯ ಬಗ್ಗೆ ಏನೋ ಅಂದರೆಂದು ಸ್ಟಾಫನ್ನೆಲ್ಲ ಮನೆಗೆ ಕರೆದೆ. ಹೆಂಡತಿ ಮಂಡಕ್ಕಿ ಮಿರ್ಚಿ ಮಾಡಿದಳು. ಅಪ್ಪ ಬಂದ, ಭರ್ಚಿ ಊರಿದ, "ಪ್ರಭು, ಕೋಟೆಯ" ಎಂದ. ಪರದೆ ನೀಲಿಯಾಯಿತು. ಎದ್ದು ಎರಡನೆಯ ಸೀಡಿ ಹಾಕಿದೆ. ಅದರಲ್ಲಿ ಸಿಪಾಯಿಯೂ ಇಲ್ಲ, ಕೋಟೆಯೂ ಇಲ್ಲ. ರಾಣಿ ತೋಟದಲ್ಲಿ ಹಾಡುತ್ತಿದ್ದಳು.

ಮತ್ತೆ ಮೊದಲನೆಯದನ್ನು ಹಾಕಿದೆ. ಒರೆಸಿ ಹಾಕಿದೆ. ಊದಿ ಹಾಕಿದೆ. ಅಪ್ಪ ಕೋಟೆಯ ತನಕ ಬಂದು ಅಲ್ಲೇ ನಿಂತುಬಿಡುತ್ತಿದ್ದ. ಅವ್ವ ಮಾತ್ರ ಅಭ್ಯಾಸಬಲದಿಂದ ಅಡುಗೆಮನೆಗೆ ಹೋಗಿಯಾಗಿತ್ತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬಂದವರು ಮಿರ್ಚಿ ಮುಗಿಸಿ, ಮುಂದೆ ಯಾವಾಗಾದರೂ ನೋಡೋಣ ಎಂದು ಎದ್ದರು.

ಆ ಊರಿನಲ್ಲಿ ನಾನಿದ್ದಷ್ಟು ದಿನವೂ ಹೆಡ್‌ಮಾಸ್ತರರು ಪ್ರಾರ್ಥನೆ ಮುಗಿದ ಕೂಡಲೇ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳುತ್ತಿದ್ದರು: "ಮಾಸ್ತರ, ಕೋಟೆದ್ದು ಏನಾತ್ರಿ ಕಡೀಕ?"

೩. ಅಭಿಮಾನಿ ಸಂಘ

ಶಿಗ್ಗಾವಿಯಲ್ಲಿದ್ದಾಗ ಡಿವಿಡಿ ಬಂತು. ಒಂದೇ ತಟ್ಟೆಯಲ್ಲಿ ಮೂರು ಸಿನಿಮಾ ಎಂದು ಮೇಲೆ ದೊಡ್ಡದಾಗಿ ಬರೆದಿತ್ತು. ಒಂದು ಕೋಣೆಯಲ್ಲಿ ಮೂರು ಸಂಸಾರ ಇದ್ದರೆ ಯಾರಾದರೂ ಹೊರಗೆ ಮಲಗಲೇಬೇಕಲ್ಲ, ಹಾಗೆ ನಮ್ಮಪ್ಪ ಹೊರಗೆ ಬಿದ್ದಿದ್ದ. ರಾಜ ಕೂತಿದ್ದಾನೆ, ತಟಕ್ಕನೆ ಕುದುರೆ ಏರಿದ್ದಾನೆ. ಬಾಗಿಲು ತೆರೆದಿದೆ ಎಂದು ಅವನಿಗೆ ಯಾರು ಹೇಳಿದರೋ ದೇವರಿಗೇ ಗೊತ್ತು.

ಡಬ್ಬಿಯ ಮೇಲಿದ್ದ ನಂಬರಿಗೆ ಫೋನು ಮಾಡಿದೆ. ಬೆಂಗಳೂರಿನ ಹುಡುಗಿಯೊಬ್ಬಳು ಎತ್ತಿ, ಹೇಳಿ ಮೇಡಂ ಎಂದಳು. ಫೋನಿನಲ್ಲಿ ನನಗೆ ಇದು ತಪ್ಪಿದ್ದಲ್ಲ. ನಾನು ಮೇಡಂ ಅಲ್ಲ, ಸರ್ ಎಂದು ತಿದ್ದಿದ ಮೇಲೆಯೇ ನನ್ನ ಎಲ್ಲ ಜಗಳಗಳೂ ಶುರುವಾಗುತ್ತವೆ. ಸಿಟ್ಟು ಬಂದರೆ ದನಿ ಇನ್ನೂ ಸಣ್ಣದಾಗುತ್ತದೆ. ಹಾಗಾಗಿ ಎರಡನೆಯ ಮಾತಿಗೇ ಅವಳು ಮತ್ತೆ ಮೇಡಂ ಅನ್ನತೊಡಗಿದಳು.

ಸಿಪಾಯಿಯ ದೃಶ್ಯ ಕತ್ತರಿಸಿದ್ದೀರಿ ಎಂದೆ. ಬೇಡವಾದದ್ದನ್ನು ಮಾತ್ರ ತೆಗೆದಿದ್ದೇವೆ ಎಂದಳು. ಬೇಡವಾದದ್ದು! ಆ ಮಾತು ನನ್ನ ಎದೆಗೆ ನಟ್ಟಿತು. ಆ ಸಂಜೆ ಊಟವೂ ಸೇರಲಿಲ್ಲ. ಆ ಸಿಪಾಯಿ ನಮಗೆ ಬೇಕಾದವನು, ಈ ಕಡೆ ನಾಲ್ಕೂ ತಾಲೂಕಿನಲ್ಲಿ ಅವನನ್ನು ಕಾಯುವವರಿದ್ದಾರೆ ಎಂದು ಫೋನಿನಲ್ಲೇ ಒದರಾಡಿದೆ. ಅವಳು ಒಳಗೆ ಯಾರನ್ನೋ ಕೇಳಿ ಬಂದು, ಬಹಳ ಮರ್ಯಾದೆಯಿಂದ ವಿಚಾರಿಸಿದಳು.

"ಸಿಪಾಯಿಯವರ ಅಭಿಮಾನಿ ಸಂಘಕ್ಕೆ ನೀವೇ ಅಧ್ಯಕ್ಷಿಣಿನಾ ಮೇಡಂ?"

೪. ಎದೆಗಾರ

ಹಾನಗಲ್ಲಿಗೆ ಬರುವ ಹೊತ್ತಿಗೆ ಗೋಡೆಯ ಟಿ.ವಿ.ಗಳು ಅಗಲವಾಗಿದ್ದವು. ಹಳೆಯ ಚಿತ್ರವನ್ನು ತೊಳೆದು, ಬಣ್ಣ ಹಚ್ಚಿ, ಪರದೆಯ ತುಂಬ ಕೂರುವಂತೆ ಮಾಡಿದ್ದೇವೆ, ಒಂದು ದೃಶ್ಯವನ್ನೂ ಬಿಟ್ಟಿಲ್ಲ ಎಂದು ಕಂಪನಿ ಸಾರಿತು. ಇದೇ ಕೊನೆಯದು ಎಂದು ಕೆಲವು ಪ್ರತಿ ಒಟ್ಟಿಗೇ ತಂದೆ. ನೋಡಲಿಕ್ಕೆ ಒಂದು, ಒಡೆಯದೆ ಇಡಲಿಕ್ಕೆ ಒಂದು, ಮಗಳನ್ನು ಕೊಟ್ಟ ಬೀಗರಿಗೆ ಒಂದು, ಅದು ಕೆಟ್ಟರೆ ಇರಲಿ ಎಂದು ಇನ್ನೊಂದು.

ಬೀಗರನ್ನು ಊಟಕ್ಕೆ ಕರೆದು, ಕುರುಕಲಿಗೆ ಸವಣೂರು ಖಾರ ಮುಂದಿಟ್ಟು ಸಿನಿಮಾ ಹಾಕಿದೆ. ದೃಶ್ಯ ಇತ್ತು. ಮಾತೂ ಪೂರ್ತಿ ಇತ್ತು. ಆದರೆ ಚೌಕದ ಚಿತ್ರವನ್ನು ಅಗಲ ಮಾಡಲು ಮೇಲೆ ಒಂದಿಷ್ಟು, ಕೆಳಗೆ ಒಂದಿಷ್ಟು ಕೊಯ್ದಿದ್ದರು. ರಾಜ ಕುಳ್ಳ, ಅವನು ಉಳಿದುಕೊಂಡ. ನಮ್ಮಪ್ಪ ಎತ್ತರದವನು. ಕುತ್ತಿಗೆಯ ಮೇಲೆ ಏನೂ ಇರಲಿಲ್ಲ. ಭರ್ಚಿ ಹಿಡಿದ ಒಂದು ಎದೆ ಬಂದು, ಪ್ರಭು ಕೋಟೆಯ ಬಾಗಿಲು ತೆರೆದಿದೆ ಎಂದು ಹೇಳಿ ಹೋಯಿತು.

ಇದರಲ್ಲಿ ನಿಮ್ಮಪ್ಪಾರು ಯಾರು ಎಂದು ಬೀಗರು ಕೇಳಿದರು. ನಾನು ಬೆರಳು ತೋರಿಸಿದೆ. ಅವರು ಮರ್ಯಾದಸ್ಥರು. ಸ್ವಲ್ಪ ಹೊತ್ತು ದಿಟ್ಟಿಸಿ, "ಎದಿ ಭಾಳ ಅಗಲ ಐತ್ರಿ, ಬೀಗರ" ಎಂದರು.

ಮರುದಿನವೇ ಎಲ್ಲ ಪ್ರತಿಗಳನ್ನೂ ಚೀಲಕ್ಕೆ ತುಂಬಿ ಹುಬ್ಬಳ್ಳಿಯ ಅಂಗಡಿಗೆ ಹೋದೆ. ಸತ್ತ ಸಿನಿಮಾವನ್ನು ಈ ಕಂಪನಿಯವರು ಯಾಕೆ ಮತ್ತೆ ಮತ್ತೆ ಎಬ್ಬಿಸುತ್ತಾರೆ ಎಂದು ಕೂಗಾಡಿದೆ. ಅಂಗಡಿಯವನು ಹೊಸಬ, ನನ್ನ ಗುರುತಿಲ್ಲ. ಆ ಪಿಕ್ಚರ್ ರಾಜ್ಯದಲ್ಲಿ ಎಲ್ಲಿಯೂ ಖರ್ಚಾಗುವುದಿಲ್ಲ, ಆದರೆ ಈ ಸೀಮೆಯಲ್ಲಿ ಯಾವಾಗ ತಂದರೂ ಕೊಳ್ಳುವವರಿದ್ದಾರೆ, ಈ ಸಲ ಹಾನಗಲ್ಲಿನಲ್ಲಿ ಒಮ್ಮೆಗೇ ಮೂರು ನಾಲ್ಕು ಎತ್ತಿದರು, ಆ ಬೇಡಿಕೆ ನೋಡಿಯೇ ಕಂಪನಿ ತರುತ್ತದೆ ಎಂದು ವಿವರಿಸಿದ. ಹಾನಗಲ್ಲಿನ ಬೇಡಿಕೆ ತನ್ನ ಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆಯಿತು.

೫. ಹೊಸ ದನಿ

ಇನ್ನು ತಂದರೆ ಕೈ ಕಡಿಯಿರಿ ಎಂದು ಮನೆಯಲ್ಲಿ ಹೇಳಿಟ್ಟಿದ್ದೆ. ಈ ವರ್ಷ ಪೆನ್‌ಡ್ರೈವಿನಲ್ಲಿ ಬಂತು. ತಂದೆ. ಹೆಂಡತಿ ಕುಡುಗೋಲು ಹುಡುಕುವ ನಾಟಕ ಮಾಡಿದಳು.

ಅವ್ವನಿಗೆ ಈಗ ಎಂಬತ್ತು ದಾಟಿದೆ, ಮೊಣಕಾಲು ಹಿಡಿದಿವೆ. ಕುರ್ಚಿಯಲ್ಲಿ ಕೂರಿಸಿ ಹಾಕಿದೆ. ಅಪ್ಪ ಬಂದ. ತಲೆ ಇತ್ತು. ಮೀಸೆ ಇತ್ತು. ಸಿಡುಬಿಲ್ಲ, ತುಂಡಿಲ್ಲ, ಭರ್ಚಿಯ ತುದಿ ಸಹ ಪರದೆಯೊಳಗೇ ಇತ್ತು. ನನ್ನ ಕಣ್ಣು ತುಂಬಿ ಬಂದವು. ಅಪ್ಪ ಬಾಯಿ ತೆರೆದ. ಟಿ.ವಿ.ಯಲ್ಲಿ ವಾರ್ತೆ ಓದುವವರದಿರುತ್ತದಲ್ಲ, ಅಂಥದೊಂದು ನುಣುಪಾದ ದನಿ ಬಂತು. ಹಳೆಯ ಸದ್ದು ಕೆಟ್ಟಿದ್ದರಿಂದ ಎಲ್ಲ ಮಾತುಗಳನ್ನೂ ಹೊಸಬರಿಂದ ಆಡಿಸಿದ್ದೇವೆ ಎಂದು ಡಬ್ಬಿಯ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು.

ನಾನು ನೆಲಕ್ಕೆ ಕೂತುಬಿಟ್ಟೆ. ಈ ವಯಸ್ಸಿನಲ್ಲಿ ನಾಚಿಕೆ ಬಿಟ್ಟು ಅತ್ತೆ. ಹಳೆಯ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಎಷ್ಟೋ ಕಾಲವಾಗಿತ್ತು. ಸೀಡಿಯಲ್ಲಿದ್ದದ್ದು ಎರಡೇ ಶಬ್ದ. ಮಾತು ಪೂರ್ತಿ ಇದ್ದ ತಲೆಯಿಲ್ಲದ ಪ್ರತಿಗಳನ್ನು ಸಿಟ್ಟಿನಿಂದ ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಬಂದಿದ್ದೆ. ಅಪ್ಪ ಇನ್ನೊಮ್ಮೆ ಸತ್ತ ಹಾಗಾಯಿತು. "ಅಪ್ಪನ ದನಿ ಹೋತು ಅವ್ವಾ" ಎಂದು ತಿರುಗಿ ನೋಡಿದೆ.

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಹೆಗಲು ಅಲುಗುತ್ತಿತ್ತು. ಎದ್ದು ಅಡುಗೆಮನೆಗೆ ಹೋಗಲು ನೋಡಿದಳು, ಮೊಣಕಾಲು ಕೇಳಲಿಲ್ಲ. ಕುರ್ಚಿ ಹಿಡಿಯಲು ಕೈ ಬಿಟ್ಟಾಗ ಸೆರಗು ಜಾರಿತು. ಅವ್ವ ನಗುತ್ತಿದ್ದಳು.

"ಅವ್ವಾ, ನಗಾಕತ್ತೀಯೇನು?"

"ಅದು ನಿಮ್ಮಪ್ಪಾರ ದನಿ ಅಲ್ಲೋ ಮಗನ. ಇವತ್ತಿಂದೂ ಅಲ್ಲ, ಮೊದಲಿಂದೂ ಅಲ್ಲ."

ಆಮೇಲೆ ತಡೆದು ತಡೆದು ಹೇಳಿದಳು. ಕೋಟೆಯಲ್ಲಿ ಅಪ್ಪನಿಂದ ಮಾತು ಆಡಿಸಿದ್ದೇನೋ ನಿಜ. ಆದರೆ ಮದ್ರಾಸಿನಲ್ಲಿ ಯಾರೋ ಬೇರೆಯವರು ಅದಕ್ಕೆ ದನಿ ಕೊಟ್ಟಿದ್ದರು. ಅಪ್ಪನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಸವಣೂರಿನ ಟೆಂಟಿಗೆ ಸಿನಿಮಾ ಬಂದಾಗ ಇಡೀ ಓಣಿಯನ್ನು ಕಟ್ಟಿಕೊಂಡು ಹೋದ. ಪರದೆಯ ಮೇಲೆ ತನ್ನ ಬಾಯಿಂದ ನಗಾರಿಯಂಥ ದನಿ ಬಂದದ್ದೇ ತಡ, ಮಾತಾಡಿದವರು ಯಾರು ಎಂದು ಅಪ್ಪ ಹಿಂದೆ ತಿರುಗಿ ನೋಡಿದ. ಓಣಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಮನೆಗೆ ಬರುವ ದಾರಿಯುದ್ದಕ್ಕೂ ಅಪ್ಪ ಅದೇ ಮಾತನ್ನು ದೊಡ್ಡ ದನಿಯಲ್ಲಿ ಹೇಳಲು ನೋಡಿದ, ಬರಲಿಲ್ಲ. ಆ ಮಾತು ಕೇಳಿದಾಗಲೆಲ್ಲ ಅವ್ವನ ಕಣ್ಣಿಗೆ ಸಿಪಾಯಿ ಕಾಣುವುದಿಲ್ಲವಂತೆ. ಹಿಂದೆ ತಿರುಗಿ ನೋಡುವ ಅಪ್ಪ ಕಾಣುತ್ತಾನಂತೆ.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ.

"ಸಣ್ಣಾಂವ ಇದ್ದಾಗಿಂದ ಆ ದನಿ ಕೇಳಿ ಎದಿ ಉಬ್ಬಿಸಿಕೊಂಡು ಕುಂದರತಿದ್ದಿ. ಹೆಂಗ ಹೇಳ್ಲಿ?"

ನನಗೆ ನಗು ಬರಲಿಲ್ಲ. ಮದ್ರಾಸಿನ ಯಾವನೋ ಪುಣ್ಯಾತ್ಮನ ದನಿಯನ್ನು ಕಪಾಟಿನಲ್ಲಿಟ್ಟು ಊರೂರು ಹೊತ್ತಿದ್ದೆ. ಅವನಿಗಾಗಿ ಜಗಳವಾಡಿದ್ದೆ, ಊಟ ಬಿಟ್ಟಿದ್ದೆ. ನಮ್ಮಪ್ಪನದೆಂದು ನನ್ನ ಹತ್ತಿರ ಒಂದು ಶಬ್ದವೂ ಉಳಿದಿರಲಿಲ್ಲ. ಹಾಗಾದರೆ ಅಪ್ಪನ ದನಿ ಹೇಗಿತ್ತು ಎಂದು ಕೇಳಿದೆ.

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಆ ಕಂಪನಿಗೆ ಫೋನ್ ಹಚ್ಚಿ ಬೈತೀ ನೋಡು, ಹಂಗ. ಸಿಟ್ಟು ಬಂದ್ರ ನಿನ್ಹಂಗ ಇನ್ನೂ ಸಣ್ಣ ಆಗತಿತ್ತು. ಒಳಗ ಅಡಿಗಿ ಮಾಡ್ತ ಕೇಳಿದ್ರ ಅವರ ಬಂದು ಕುಂತಂಗ ಆಗತೈತಿ." ಸವಣೂರಿನ ಮುದುಕನ ಕಣ್ಣೀರು ನನಗೆ ಆಗ ನೆನಪಾಯಿತು. ಅವನ ಕಿವಿ ಸರಿಯಾಗಿಯೇ ಇತ್ತು.

ಅವ್ವ ಫೋನನ್ನು ನನ್ನ ಕಡೆ ಸರಿಸಿ, ಹಚ್ಚು, ಈ ಸಲ ನನ್ನ ಮುಂದೆ ಕೂತು ಬೈ ಎಂದಳು. ಹಚ್ಚಿದೆ. ಸ್ಪೀಕರ್ ಹಾಕಿದೆ. ಆ ಕಡೆಯಿಂದ ಹುಡುಗಿಯೊಬ್ಬಳು "ನಮಸ್ಕಾರ, ಹೇಳಿ ಮೇಡಂ" ಎಂದಳು.

ಬಾಯಿಯ ತನಕ ಬಂದದ್ದನ್ನು ನುಂಗಿಕೊಂಡೆ. "ಹೂಂನ್ರಿ, ಹೇಳ್ತೇನಿ ಕೇಳ್ರಿ" ಎಂದು ಶುರು ಮಾಡಿದೆ. ಕ್ಯಾಸೆಟ್ಟಿನಿಂದ ಪೆನ್‌ಡ್ರೈವಿನ ತನಕ ಒಂದನ್ನೂ ಬಿಡಲಿಲ್ಲ. ಸಿಟ್ಟು ಏರಿತು, ದನಿ ಕೀಚಲಾಯಿತು. ಅವ್ವ ಕಣ್ಣು ಮುಚ್ಚಿ ತಲೆಯನ್ನು ನನ್ನ ಕಡೆ ವಾಲಿಸಿ ಕೇಳುತ್ತ ಕೂತಳು. ಕೊನೆಗೆ ಆ ಹುಡುಗಿ, ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ಹಳೆಯ ದನಿಯ ಒಳ್ಳೆಯ ಪ್ರತಿ ಸಿಕ್ಕಿದೆ, ಅದನ್ನೇ ಹಾಕಿ ಇನ್ನೊಂದು ಸಲ ಬಿಡುಗಡೆ ಮಾಡುತ್ತಿದ್ದೇವೆ ಎಂದಳು. ನಮಗೆ ಬೇಡ ಎಂದು ಹೇಳುವವನಿದ್ದೆ.

ಅವ್ವ ಕಣ್ಣು ತೆರೆಯದೆ ನನ್ನ ಮೊಣಕೈ ಹಿಡಿದಳು. "ತಗೋಪಾ. ಅದರಾಗೂ ಏನರ ಕೆಟ್ಟಿರತೈತಿ. ಮತ್ತೊಮ್ಮೆ ಬೈಯಾಕ ಬರ್ತೈತಿ."